ತಡಿ ಅಂದರೆ ಹೊಡಿ ಅಂತಲ್ಲ

ಅಪ್ಪಾ,

ಮೀಸೆ ತಿರುವಿಕೊಂಡು ಓದಲು ಕೂರಬೇಡ, ಹೊಗಳುವುದಕ್ಕೆ ಬರೆಯುತ್ತಿಲ್ಲ. ಮೈಯೆಲ್ಲ ಉರಿಯುತ್ತಿದೆ ನನಗೆ. ನಿನ್ನ ಮೇಲಲ್ಲದೆ ಇನ್ಯಾರ ಮೇಲೆ ಕೂಗಾಡಲಿ?

ನೀನು ಆ ದೇಶಕ್ಕೆ ಹೊರಟ ದಿನ ಚೆನ್ನಾಗಿ ನೆನಪಿದೆ. ಅಲ್ಲಿನ ಭದ್ರತಾ ಪಡೆಗೆ ತರಬೇತಿ ಕೊಡಲು ಸೈನ್ಯದಿಂದ ನಿನ್ನನ್ನು ಆರಿಸಿದ್ದಾರೆ ಎಂದು ಅಮ್ಮ ಕೆಂಗೇರಿಯ ನಮ್ಮ ಬೀದಿಗೆಲ್ಲ ಸಾರಿದ್ದಳು. "ಯುದ್ಧಕ್ಕಾ?" ಎಂದು ಪಕ್ಕದ ಮನೆಯಾಕೆ ಕೇಳಿದರೆ, "ಯುದ್ಧಕ್ಕಲ್ಲ ಕಣ್ರೀ, ಆಂತರಿಕ ಭದ್ರತೆಗೆ" ಎಂದು ನೀನು ಎದೆಯುಬ್ಬಿಸಿದ್ದೆ. ಮಿತ್ರದೇಶಕ್ಕೆ ನೆರವು. ಗಲಭೆಯೆದ್ದರೆ ಗುಂಡು ಹಾರಿಸದೆ ಜನರನ್ನು ಚದುರಿಸುವುದು ಹೇಗೆಂದು ಕಲಿಸುವುದು. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು! ಯಾರಿಂದ ಯಾರಿಗೆ ಭದ್ರತೆ ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಿದೆವಾ? ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಒಬ್ಬ ಹುಡುಗ ಇನ್ನೂ ಜೈಲಿನಲ್ಲಿದ್ದಾನೆ.

ರಜೆಗೆ ಬಂದಾಗ ಅಡುಗೆಮನೆಯ ಮೊರವನ್ನೇ ಗುರಾಣಿ ಮಾಡಿಕೊಂಡು ನಡುಮನೆಯಲ್ಲಿ ಆಡಿ ತೋರಿಸಿದ್ದೆಯಲ್ಲ? ತರಬೇತಿಗೆ ಬಂದವರಲ್ಲಿ ಅರ್ಧ ಜನ ಗಲಭೆಯ ಗುಂಪಾಗಬೇಕು, ಅರ್ಧ ಜನ ಗುರಾಣಿ ಹಿಡಿದು ಸಾಲು ನಿಲ್ಲಬೇಕು. ಅವರಿಗೆ ನಿನ್ನ ಹಿಂದಿ ಬಾರದು, ನಿನ್ನ ಇಂಗ್ಲಿಷ್ ದೇವರಿಗೇ ಪ್ರೀತಿ. ಅವಸರಕ್ಕೆ ಬಾಯಿ ತೆರೆದರೆ ಬರುತ್ತಿದ್ದದ್ದು "ತಡಿ! ತಡೀರೋ!" ತಡಿ ಅಂದ ಕೂಡಲೇ ಸಾಲು ಕದಲಬಾರದು. ಆಮೇಲೆ ಮೈಕಿನಲ್ಲಿ ಜನರಿಗೆ ಹೇಳಬೇಕು, ಹೋಗಲು ಹೊತ್ತು ಕೊಡಬೇಕು, ಮತ್ತೆ ಹೇಳಬೇಕು. ಯಾವುದಕ್ಕೂ ಬಗ್ಗದಿದ್ದರೆ ಮಾತ್ರ ಲಾಠಿ, ಅದೂ ಸೊಂಟದಿಂದ ಕೆಳಗೆ. "ನಮ್ ಹುಡುಗ್ರು ಕನ್ನಡ ಕಲ್ತ್ಬಿಟ್ರು ಕಣೇ, ಪರೇಡಲ್ಲೆಲ್ಲ ಈಗ ತಡಿ ತಡಿ ಅಂತಾರೆ" ಎಂದು ನಕ್ಕಿದ್ದೆ. ನಾವೂ ಬಿದ್ದು ಬಿದ್ದು ನಕ್ಕೆವು.

ನೀನು ನಮ್ಮನ್ನೆಲ್ಲ ಬಿಟ್ಟು ಹೋದಮೇಲೆ ಮಹಡಿಯ ಮನೆಯನ್ನು ನರ್ಸಿಂಗ್ ಓದುವ ಹುಡುಗಿಗೆ ಬಾಡಿಗೆಗೆ ಕೊಟ್ಟೆವು. ಹೆಸರು ಮೇರಿ, ಅದೇ ದೇಶದವಳು. ಅಮ್ಮನ ಬಸ್ಸಾರಿಗೆ ಸೋತು ಅರ್ಧ ದಿನ ಕೆಳಗೇ ಇರುತ್ತಾಳೆ. ಒಂದು ಬೆಳಿಗ್ಗೆ ಅಮ್ಮ ಸೊಪ್ಪಿನವನಿಗೆ "ತಡಿಯಪ್ಪಾ, ತಡಿ, ಬಂದೆ" ಎಂದು ಕೂಗಿದಳು. ಮೆಟ್ಟಿಲಿಳಿಯುತ್ತಿದ್ದ ಹುಡುಗಿ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಅಲ್ಲೇ ಕುಕ್ಕರಿಸಿಬಿಟ್ಟಳು.

"ಏನಾಯ್ತೇ ಮಗಳೇ?"

"ಆಂಟಿ, ಆ ವರ್ಡ್ ಬೇಡ. ನಮ್ ಊರಲ್ಲಿ ಫೋರ್ಸ್ ತಡಿ ಹೇಳ್ತಾರೆ. ಆಮೇಲೆ ಹೊಡೀತಾರೆ."

ಕೇಳಿಸಿತಾ ಅಪ್ಪ? ಮೊದಲ ಮಾತು ಉಳಿದಿದೆ, ಕೊನೆಯ ಲಾಠಿ ಉಳಿದಿದೆ. ನಡುವಿನ ಮೈಕು, ಕೊಡಬೇಕಾದ ಹೊತ್ತು, ಎಲ್ಲ ಗಾಳಿಗೆ ಹೋಗಿದೆ. ಊಟಕ್ಕೆ ಹಟ ಮಾಡುವ ಮಕ್ಕಳಿಗೆ ಅಲ್ಲಿ "ತಡಿಯವರು ಬರ್ತಾರೆ" ಎಂದು ಹೆದರಿಸುತ್ತಾರಂತೆ. ಅಳುವ ಕೂಸಿಗೆ, ಬಸ್ಸಿನಿಂದ ಇಳಿಯುವ ಮುದುಕಿಗೆ ನಾವು ಹೇಳುವ ಮಾತು ಅದು! ಯಾರಪ್ಪನ ಆಸ್ತಿ ಅಂತ ಹಾಳುಮಾಡಿದರು ಅದನ್ನು?

ಮೇರಿಯ ಅಣ್ಣ ಕಾಲೇಜಿನ ಫೀಸು ಏರಿಸಿದ್ದಕ್ಕೆ ಗೆಳೆಯರ ಜೊತೆ ರಸ್ತೆಯಲ್ಲಿ ನಿಂತಿದ್ದ. ಪಡೆಯವರು ತಡಿ ಎಂದರು, ಕಾಲು ಮುರಿದರು. ಸೊಂಟದಿಂದ ಕೆಳಗೇ ಹೊಡೆದಿದ್ದಾರೆ, ಆ ಪಾಠವನ್ನು ಮಾತ್ರ ಮರೆತಿಲ್ಲ. ಈಗ ಅವನೇ ಪಡೆಯ ಮೇಲೆ ಬಿದ್ದ ಎಂದು ಕೇಸು. ಅಲ್ಲಿನ ಅಧಿಕಾರಿ ಕೋರ್ಟಿನಲ್ಲಿ ನಿನ್ನ ಹೆಸರು ಹೇಳಿದ್ದಾನೆ. "ಹೊರದೇಶದ ತರಬೇತುದಾರ ಕಲಿಸಿದ ಹಾಗೇ ಮಾಡಿದೆವು. ತಡಿ ಎಂದೆವು, ಹೊಡೆದೆವು" ಅಂದನಂತೆ. ಆ ತರಬೇತುದಾರರನ್ನೇ ಕರೆಸಿ ಕೇಳಬಹುದಾ ಎಂದು ಹುಡುಗನ ವಕೀಲರು ಅಂದರೆ, ಸತ್ತಿದ್ದಾರೆ ಅಂದನಂತೆ. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ ಎಂಬ ಧೈರ್ಯ ತಾನೆ ಆ ಖದೀಮನಿಗೆ?

ನಿನ್ನ ಜೊತೆ ಅಲ್ಲಿಗೆ ಹೋಗಿದ್ದ ಬ್ಯಾಡರಹಳ್ಳಿಯ ಅಂಕಲ್‌ಗೆ ಫೋನ್ ಮಾಡಿ, ಬಂದು ಸಾಕ್ಷಿ ಹೇಳಿ ಎಂದೆ.

"ಊರ ಉಸಾಬರಿ ನಿಂಗ್ಯಾಕಮ್ಮ? ಹೋದೋನ ಹೆಸ್ರನ್ನ ಕೋರ್ಟಿಗೆ ಯಾಕ್ ಎಳೀತೀಯ? ಕಲ್ಸಿದ್ವಿ, ಬಂದ್ವಿ. ಆಮೇಲೆ ಅವ್ರು ಏನ್ ಮಾಡ್ಕೊಂಡ್ರೆ ನಮಗೇನು?"

"ಎಳ್ದಿರೋದು ಅವ್ರು ಅಂಕಲ್, ನಾನಲ್ಲ."

ಫೋನ್ ಇಟ್ಟುಬಿಟ್ಟರು. ನಮಗೇನಂತೆ! ನೀನಾದರೂ ಬೇರೆ ಏನು ಮಾಡಿದೆ? ಒಮ್ಮೆ ಟಿವಿಯಲ್ಲಿ ಆ ದೇಶದ ಬೀದಿ ತೋರಿಸುತ್ತಿದ್ದರು. ನೀನು ಕಾಫಿ ಲೋಟ ಕೆಳಗಿಟ್ಟು, "ಸಾಲು ನೋಡೇ, ಎಷ್ಟು ನೇರ ಇದೆ" ಅಂದೆ. ಸಾಲಿನ ಎದುರು ನಿಂತಿದ್ದವರು ಬರಿಗೈಯಲ್ಲಿದ್ದರು ಅಪ್ಪ. ಅದು ನಿನ್ನ ಕಣ್ಣಿಗೆ ಬಿದ್ದಿದ್ದರೆ... ಅಥವಾ ಬಿದ್ದೂ ನೀನು...

ಹೋಗಲಿ ಬಿಡು, ಜಗಳ ಆಡಲು ಎದುರಿಗೆ ನೀನೂ ಇಲ್ಲ. ಸುದ್ದಿ ಹೇಳುತ್ತೇನೆ ಕೇಳು. ಸೋಮವಾರ ಆ ಕೋರ್ಟಿನವರು ವೀಡಿಯೊದಲ್ಲಿ ನನ್ನ ಸಾಕ್ಷಿ ಕೇಳುತ್ತಾರೆ. ಹುಡುಗನ ವಕೀಲರು ಮೇರಿಯ ಕೈಲಿ ಹೇಳಿಕಳಿಸಿದ್ದಾರೆ, ಪದದ ಅರ್ಥವನ್ನಷ್ಟೇ ಹೇಳಿ, ಮಿಕ್ಕದ್ದು ಬೇಡ ಅಂತ. ಅಮ್ಮ ಸೊಪ್ಪು ಬಿಡಿಸುತ್ತಲೇ, "ಕೇಳಿದ್ದಕ್ಕೆಲ್ಲ ಹೇಳೇ. ಅರ್ಧ ಮುಚ್ಚಿಟ್ರೆ ಅದೂ ಸುಳ್ಳೇ" ಅಂದಳು.

ಹಾಗಾಗಿ ಎಲ್ಲವನ್ನೂ ಹೇಳುತ್ತೇನೆ. ತಡಿ ಅಂದರೆ ನಿಲ್ಲು, ಕೈಯೆತ್ತಬೇಡ ಅಂತ ಅರ್ಥ, ನಮ್ಮಪ್ಪ ಕಲಿಸಿದ್ದು ಅದನ್ನೇ ಎಂದು ಗಂಟಲು ಹರಿಯುವಂತೆ ಹೇಳುತ್ತೇನೆ. ಆಮೇಲೆ ಎದುರಿನವರು, "ಲಾಠಿ ಬೀಸುವುದನ್ನು ಕಲಿಸಿದ್ದೂ ನಿಮ್ಮ ತಂದೆಯೇ ಅಲ್ಲವಾ?" ಎಂದು ಕೇಳಿದರೆ ಹೌದು ಅನ್ನುತ್ತೇನೆ. ನಿನಗೆ ನೋವಾದರೆ ಆಗಲಿ ಅಪ್ಪ. ಆ ಹುಡುಗ ಹೊರಗೆ ಬರಬೇಕು.

ನಿನ್ನ ಮಗಳು