ನಡುಗಡ್ಡೆಯಿಂದ ಬಂದ ಮಡಕೆ

ಹೊಸ ಕೇರಿ, ಸಾಗರ ತಾಲ್ಲೂಕು
ತಾ. ೧೭-೪-೧೯೬೬, ಭಾನುವಾರ

ಪ್ರೀತಿಯ ಸೊಸೆ ಪುಷ್ಪಾ,

ನಿನ್ನ ಅತ್ತೆ ಗುತ್ಯಮ್ಮನ ಆಶೀರ್ವಾದ. ಮೈ ಹೇಗಿದೆ? ಬೆನ್ನುನೋವು ಬಿಟ್ಟಿತೇ? ಮಗುವಿಗೆ ಹಾಲು ಸಾಕಾಗುತ್ತದೆಯೇ? ನಿನ್ನ ಅಮ್ಮ ಕನ್ನಮ್ಮ ಬಾಣಂತಿ ಸಾರಿಗೆ ಕಾಳುಮೆಣಸನ್ನು ಔಷಧಿ ಹಾಕಿದ ಹಾಗೆ ಎಣಿಸಿ ಹಾಕುವವಳು. ಅಲ್ಲಿ ಸಾಲದಿದ್ದರೆ ಹೇಳು, ಇಲ್ಲಿಂದ ಕಳಿಸುತ್ತೇನೆ. ಅವಳಿಗೆ ಈ ಸಾಲನ್ನು ಓದಿ ಹೇಳಬೇಡ. ಮಗುವಿಗೆ ತಲೆ ತುಂಬ ಕೂದಲಂತೆ, ಮೂಗು ನನ್ನದಂತೆ. ಮೂಗು ನನ್ನದಾದರೂ ಆಗಲಿ, ನಾಲಿಗೆ ಮಾತ್ರ ನಿನ್ನದಾಗಲಿ. ತೀರ್ಥಹಳ್ಳಿಯಲ್ಲಿ ಸೆಖೆ ಹೆಚ್ಚು, ಕೂಸನ್ನು ಕಂಬಳಿಯಲ್ಲಿ ಸುತ್ತಿ ಬೇಯಿಸಬೇಡಿ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ಯಾರು ಕೇಳುತ್ತಾರೆ ಎಂದು ಅದು ಕೇಳಬೇಕು?

ನಿನ್ನ ಅಣ್ಣ ಮಂಜುನಾಥಪ್ಪ ಬರೆದ ಕಾಗದ ಶಿವರಾತ್ರಿಯ ಹೊತ್ತಿಗೇ ಬಂದಿತ್ತು. ಮಗಳ ನಾಮಕರಣಕ್ಕೆ ಅಪ್ಪನಾದವನೇ ಬರಲಿಲ್ಲ, ಅವನು ಗುಡ್ಡ ಅಗೆಯುವ ಹುಚ್ಚು ಬಿಟ್ಟು ನಾಲ್ಕು ಗೋಡೆ ಎಬ್ಬಿಸುವ ತನಕ ಪುಷ್ಪ ಆ ಸೋಗೆ ಬಿಡಾರಕ್ಕೆ ಕಾಲಿಡುವುದಿಲ್ಲ ಎಂದು ಬರೆದಿದ್ದ. ಎರಡು ತಿಂಗಳು ಉತ್ತರ ಬರೆಯಲಿಲ್ಲ. ಎರಡನೇ ಕ್ಲಾಸು ಓದಿದವಳಿಗೆ ಕಾಗದ ಬರೆಯುವುದು ಕಷ್ಟ ಎಂದು ನೆಪ ಹೇಳಬಹುದಿತ್ತು. ನಿಜವಾಗಿ ಬರೆಯಲು ಮುಖವಿರಲಿಲ್ಲ. ಬರೆಯುವಂಥ ಸುದ್ದಿ ಈಗ ಇದೆ, ಅದಕ್ಕೇ ಕೂತಿದ್ದೇನೆ. ಅರ್ಧಕ್ಕೆ ಮಡಚಿಡಬೇಡ, ಪೂರ್ತಿ ಓದು.

ಇದೆಲ್ಲ ಶುರುವಾದದ್ದು ಆ ಸಿನಿಮಾದಿಂದ. ನೀನು ಬಾಣಂತನಕ್ಕೆ ತವರಿಗೆ ಹೋಗಿ ಎಂಟು ದಿನವಾಗಿತ್ತು, ಟೂರಿಂಗ್ ಟಾಕೀಸಿನವರು ಸಂತೆ ಮಾಳದಲ್ಲಿ ಡೇರೆ ಹೊಡೆದರು. ಸಂಜೆಯ ಮೊದಲ ಆಟಕ್ಕೆ ಕೇರಿಗೆ ಕೇರಿಯೇ ಹೊರಟಿತು. ನಾನೂ ಪಕ್ಕದ ಬಿಡಾರದ ದುಗ್ಗಮ್ಮನೂ ಚಾಪೆ ಹಿಡಿದು ಹೆಂಗಸರ ಕಡೆ ಕೂತೆವು. ಇಂಗ್ಲಿಷ್ ಸಿನಿಮಾ. ಡೇರೆಯವನೊಬ್ಬ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ. ಸಮುದ್ರದ ನಡುವೆ ಒಂದು ದ್ವೀಪ, ಅಲ್ಲಿ ಕಳ್ಳರು ಹೂತಿಟ್ಟ ಚಿನ್ನ, ಅದನ್ನು ಹುಡುಕಲು ಹರಿದ ನಕ್ಷೆ ಹಿಡಿದು ಹೊರಟ ಏಳು ಗಂಡಸರು, ಒಬ್ಬಳು ಹೆಂಗಸು. ಏಳು ಜನರಿಗೆ ಒಂದೇ ಗುದ್ದಲಿ! ದ್ವೀಪದ ತುಂಬ ತೆಂಗಿನ ಮರ, ಒಬ್ಬನಾದರೂ ಎಳನೀರು ಕೆಡವಿ ಕುಡಿಯಲಿಲ್ಲ. ಬಾಯಾರಿ ಸಾಯುತ್ತೇವೆ ಎಂದು ಮರಳಿನಲ್ಲಿ ಹೊರಳಿದರು. ಆ ಹೆಂಗಸು ಬಿರುಗಾಳಿಗೆ ಸಿಕ್ಕಿ, ನೀರಿಗೆ ಬಿದ್ದು, ಮೊಸಳೆಯಿಂದ ತಪ್ಪಿಸಿಕೊಂಡು ಎದ್ದಾಗಲೂ ತಲೆಗೂದಲು ಬಾಚಿದ ಹಾಗೇ ಇತ್ತು. ಅಡುಗೆ ಯಾರು ಮಾಡುತ್ತಾರೆ ಎಂದು ನಾನು ಜೋರಾಗಿಯೇ ಕೇಳಿದೆ. ಗಂಡಸರ ಕಡೆಯಿಂದ ಸುಮ್ಮನಿರಿ ಅಂದರು. ಕೊನೆಗೆ ಒಂದು ಕಲ್ಲಿನ ಬುಡದಲ್ಲಿ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ಚಿನ್ನದ ಬೆಳಕು ಎಲ್ಲರ ಮುಖದ ಮೇಲೆ ಬಿತ್ತು. ಪರದೆಯ ಮೇಲಿನವರಿಗಿಂತ ನಮ್ಮ ಕೇರಿಯವರ ಬಾಯೇ ದೊಡ್ಡದಾಗಿ ತೆರೆದಿತ್ತು.

ನಮಗೂ ಒಂದು ದ್ವೀಪ ಇದೆಯಲ್ಲ. ಲಿಂಗನಮಕ್ಕಿ ಕಟ್ಟೆಯ ನೀರು ನಿಂತ ಮೇಲೆ ಗದ್ದೆ, ದಾರಿ, ಬಾವಿ ಎಲ್ಲ ಮುಳುಗಿ, ನಮ್ಮ ಹಳೆಯ ಮನೆಯಿದ್ದ ಗುಡ್ಡದ ನೆತ್ತಿ ಮಾತ್ರ ನೀರಿನ ನಡುವೆ ಉಳಿದಿದೆ. ಹೆಂಚು, ತೊಲೆ ಬಿಚ್ಚಿಕೊಂಡು ಬಂದ ದಿನ ನಿನ್ನ ಗಂಡ ಜಯಪ್ಪ ಇನ್ನು ಆ ಮಣ್ಣು ತುಳಿಯುವುದಿಲ್ಲ ಎಂದು ಶಪಥ ಮಾಡಿದ್ದು ನಿನಗೂ ಗೊತ್ತು. ಸರ್ಕಾರ ಕೊಟ್ಟ ಈ ಜಾಗದಲ್ಲೂ ಅವನು ಒಂದು ಗೂಟ ಹೊಡೆಯಲಿಲ್ಲ. ಅಲ್ಲಿಯದು ಹೋಯಿತು, ಇಲ್ಲಿಯದು ತನ್ನದಾಗಲಿಲ್ಲ. ಸಿನಿಮಾ ನೋಡಿದ ವಾರದಲ್ಲೇ ಅವನೂ ದೋಣಿಯ ನಿಂಗಪ್ಪನೂ ಗುದ್ದಲಿ ಹಿಡಿದು ಗುಡ್ಡಕ್ಕೆ ಹೊರಟರು. ಹಿಂದೆ ಅರಸರ ಕಾಲದಲ್ಲಿ ನಗರದ ಕೋಟೆ ಬಿದ್ದಾಗ ಓಡಿಬಂದವರು ಆ ಗುಡ್ಡದಲ್ಲಿ ಯಾವುದೋ ಕಲ್ಲಿನಡಿ ಚಿನ್ನ ಹೂತಿದ್ದಾರೆ ಎಂಬುದು ಅವರ ಲೆಕ್ಕ. ಗುಡ್ಡವೆಲ್ಲ ಕಲ್ಲೇ. ಮೂರು ತಿಂಗಳು ಅಗೆದರು. ನಿಂಗಪ್ಪ ಬೀಡಿ ಕಟ್ಟಿನ ಕಾಗದದ ಹಿಂದೆ ನಕ್ಷೆ ಬೇರೆ ಬರೆದಿದ್ದ. ನಾಮಕರಣದ ದಿನವೂ ನಿನ್ನ ಗಂಡ ಅಲ್ಲೇ ಇದ್ದ. ಅದಕ್ಕೆ ಅವನ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ ಮಧ್ಯಾಹ್ನ ಇಬ್ಬರೂ ಓಡುತ್ತಾ ಬಂದರು. ಜಯನ ಕೈಯಲ್ಲಿ ಟವೆಲು ಸುತ್ತಿದ ಮಡಕೆ. ಬಾಯಿಗೆ ಕೆಮ್ಮಣ್ಣು ಮೆತ್ತಿ ಮುಚ್ಚಿದೆ, ಮೇಲೆ ಚಪ್ಪಡಿ ಕಲ್ಲು ಇತ್ತಂತೆ, ಕಲ್ಲಿನ ಅಡಿಯಲ್ಲಿ ಅರಿಶಿನದ ಬಣ್ಣ ಇನ್ನೂ ಇತ್ತಂತೆ. ಕೇರಿಯವರೆಲ್ಲ ಸೇರಿದರು. ನಿಧಿಗೆ ಸರ್ಪದ ಕಾವಲು ಇರುತ್ತದೆ ಎಂದು ನಿಂಗಪ್ಪ ತೆಂಗಿನಕಾಯಿ ಒಡೆಸಿದ. ದುಗ್ಗಮ್ಮ ದೀಪ ತಂದಿಟ್ಟಳು. ಜಯ ಕಲ್ಲು ಎತ್ತಿ ಮಡಕೆಯ ಕತ್ತಿಗೆ ಹೊಡೆಯಬೇಕು, ಅಷ್ಟರಲ್ಲಿ ನಾನು ಜನರನ್ನು ಸರಿಸಿ ಬಗ್ಗಿ ನೋಡಿದೆ. ಮಡಕೆಯ ಹೊಟ್ಟೆಯ ಮೇಲೆ ಸುಣ್ಣದಲ್ಲಿ ಎಳೆದ ಮೂರು ಬೆರಳಿನ ಗೆರೆ. ನನ್ನ ಅತ್ತೆಯ ಬೆರಳು. ನಡುಬೆರಳು ಮೊಟಕು, ಕತ್ತಿ ತಾಗಿ ಹೋಗಿದ್ದು. ಮೊದಲಿನ ಎರಡು ಹೆಣ್ಣನ್ನು ನಾನು ತವರಿನಲ್ಲಿ ಹೆತ್ತೆ, ಜಯ ಮಾತ್ರ ಆ ಮನೆಯಲ್ಲೇ ಹುಟ್ಟಿದ. ಹೆರಿಗೆಯಾದ ಮೇಲೆ ಬಿದ್ದ ಮಾಸನ್ನು ಮಡಕೆಗೆ ಹಾಕಿ, ಬಾಯಿ ಮೆತ್ತಿ, ಅರಿಶಿನ ಹಚ್ಚಿ, ನಾಯಿ ಕೆದಕದ ಹಾಗೆ ಬಚ್ಚಲಿನ ಹಿಂದೆ ಕಲ್ಲಿನಡಿ ಹೂತವರು ನನ್ನ ಅತ್ತೆಯೇ. ಈಗ ನಿನ್ನ ಅಮ್ಮನೂ ನಿನಗೆ ಹಾಗೇ ಮಾಡಿರುತ್ತಾಳೆ.

“ಅದನ್ನ ಒಡೀಬೇಡ ಮಾರಾಯ. ನೀ ಹುಟ್ಟಿದ ದಿನದ ಮಾಸು ಅದು. ನಿನ್ನಜ್ಜಿ ಹೂತಿದ್ದು,” ಅಂದೆ.

ಜಯ ಎತ್ತಿದ ಕಲ್ಲು ಕೆಳಗಿಟ್ಟ. ಆಮೇಲೆ ನಿಂಗಪ್ಪ ಕೇಳಿದ, “ಹಂಗಾದ್ರೆ ಮೂರು ತಿಂಗ್ಳು ನಾನು ದೋಣಿ ಹೊಡೆದಿದ್ದು ಇವನ ಮಾಸಿಗಾ?” ಕೇರಿಗೆ ಕೇರಿಯೇ ನಕ್ಕಿತು. ದುಗ್ಗಮ್ಮ ಒಡೆದ ಕಾಯಿ ಹೋಳು ಎತ್ತಿಕೊಂಡು ಪಲ್ಯಕ್ಕಾಯಿತು ಎಂದು ಹೊರಟಳು. ಜಯ ಮಾತ್ರ ನಗಲಿಲ್ಲ. ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಮಗುವನ್ನು ಹಿಡಿದವನ ಹಾಗೆ ಕೂತ. ಅದನ್ನು ಹೊರಗಿಡಬಾರದು, ನಾವು ಬಾಳುವ ಜಾಗದಲ್ಲಿ ಬಚ್ಚಲಿನ ಹಿಂದೆ ಮತ್ತೆ ಹೂಳಬೇಕು ಎಂದು ಹೇಳಿದೆ. ಬಚ್ಚಲು ಎಲ್ಲಿದೆ ಅಂದ. ನೀನು ಕಟ್ಟಿದರೆ ತಾನೇ ಇರುವುದು ಅಂದೆ.

ಮಾರನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಹಗ್ಗ ಹಿಡಿದು ಜಾಗದ ಉದ್ದಗಲ ಓಡಾಡುತ್ತಿದ್ದಾನೆ. ಬಚ್ಚಲಿನ ಜಾಗ ಗೊತ್ತಾಗಬೇಕಾದರೆ ಅಡುಗೆಮನೆಯ ಜಾಗ ಗೊತ್ತಾಗಬೇಕು, ಅದಕ್ಕೆ ಬಾಗಿಲು ಯಾವ ಕಡೆ ಎಂದು ಗೊತ್ತಾಗಬೇಕು. ಹೀಗೆ ಮಧ್ಯಾಹ್ನದೊಳಗೆ ಇಡೀ ಮನೆಗೆ ಗೂಟ ಬಿತ್ತು. ಮಡಕೆ ಹೂತ ಮೇಲೆ ಕೈ ತೊಳೆದುಕೊಂಡು ಅವನೇ ಮಣ್ಣು ಕಲಸಲು ಇಳಿದ. ಈಗ ಗೋಡೆ ನನ್ನ ಭುಜಕ್ಕೆ ಬಂದಿದೆ. ನಿಂಗಪ್ಪನೂ ಮಣ್ಣು ಹೊರುತ್ತಾನೆ, ಹೊತ್ತದ್ದಕ್ಕಿಂತ ಹೆಚ್ಚು ಬೀಡಿ ಸೇದುತ್ತಾನೆ. ಮಳೆಗಾಲದೊಳಗೆ ಹೆಂಚು ಏರುತ್ತದೆ. ತೊಟ್ಟಿಲು ಕಟ್ಟಲು ನಡುಮನೆಯ ತೊಲೆಗೆ ಜಯ ಈಗಲೇ ಎರಡು ಕೊಕ್ಕೆ ಹೊಡೆದಿಟ್ಟಿದ್ದಾನೆ. ತೊಲೆ ಇನ್ನೂ ನೆಲದ ಮೇಲೇ ಬಿದ್ದಿದೆ.

ಬರುವ ಗುರುವಾರದ ಬಸ್ಸಿಗೆ ಅವನು ಅಲ್ಲಿಗೆ ಬರುತ್ತಾನೆ. ಬಾಗಿಲಲ್ಲಿ ನಿಲ್ಲಿಸಿ ನಿನಗೆ ತೋಚಿದ್ದನ್ನೆಲ್ಲ ಅನ್ನು. ಆಮೇಲೆ ಊಟ ಹಾಕು, ಮಗುವನ್ನು ಕೈಗೆ ಕೊಡು. ನಿನ್ನ ಅಮ್ಮನಿಗೂ ಅಣ್ಣನಿಗೂ ನಮಸ್ಕಾರ. ಕೂಸಿನ ನೆತ್ತಿಗೆ ನನ್ನ ಪರವಾಗಿ ಒಂದು ಮುತ್ತು, ನಿನ್ನ ತಲೆಯ ಮೇಲೆ ನನ್ನ ಕೈ.

ಇತಿ ನಿನ್ನ ಅತ್ತೆ,
ಗುತ್ಯಮ್ಮ

ತಾ.ಕ. (ಸೋಮವಾರ ಬೆಳಿಗ್ಗೆ): ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಿನಿಮಾದಿಂದ ಶುರುವಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಸಿನಿಮಾ ನೋಡಿ ಜಯ ನಕ್ಕು ಮಲಗಿದ್ದ. ಗುಡ್ಡದಲ್ಲಿ ಕಲ್ಲಿನಡಿ ಏನೋ ಇದೆ ಎಂದು ನಿನ್ನ ಮಾವ ಹೇಳುತ್ತಿದ್ದರು ಎಂದು ಮಾರನೆಯ ದಿನ ನಾನೇ ಅವನಿಗೆ ಹೇಳಿದೆ. ನಿನ್ನ ಮಾವ ಹಾಗೆ ಎಂದೂ ಹೇಳಿದವರಲ್ಲ. ಹಳೆಯ ಅಂಗಳವನ್ನು ಒಮ್ಮೆ ನೋಡಬೇಕಿತ್ತು ಪುಷ್ಪಾ. ಕರೆದುಕೊಂಡು ಹೋಗು ಅಂದರೆ ಅವನು ಒಪ್ಪುತ್ತಿರಲಿಲ್ಲ. ಮೊದಲ ದಿನ ದೋಣಿಯಲ್ಲಿ ನಾನೂ ಹೋಗಿ, ಮನೆಯ ಬುಡದ ಪಂಚಾಂಗದ ಕಲ್ಲಿನ ಮೇಲೆ ಕೂತು ಎಲೆ ಹಾಕಿಕೊಂಡು ಬಂದೆ. ನನಗೆ ಅಷ್ಟೇ ಸಾಕಾಯಿತು, ಅವನಿಗೆ ಸಾಕಾಗಲಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ, ಈ ಬಾಯಿಗೇ. ಅವನಿಗೆ ಇನ್ನೂ ಗೊತ್ತಿಲ್ಲ. ನಾಮಕರಣ ತಪ್ಪಿಸಿದ್ದು ನಾನು. ಕೋಪವನ್ನು ಅವನ ಮೇಲಿಂದ ತೆಗೆದು ನನ್ನ ಮೇಲೆ ಹಾಕು. ಆದರೆ ಕಾಗದದಲ್ಲಿ ಬೈಯಬೇಡ. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ನಿನ್ನ ಸಿಟ್ಟೇ ಆರಿಹೋಗಿರುತ್ತದೆ. ಬಂದು ಬೈಯಿ.