ಒಬಿಯೋರ ಚಿಕ್ಕಪ್ಪನ ಉತ್ತರಕ್ರಿಯೆ ನಿಲ್ಲಿಸಿ

ಲಿಬ್ರವಿಲ್, ಗಬೋನ್
೧೪ ಅಕ್ಟೋಬರ್ ೧೯೮೯

ನನ್ನ ಬಂಗಾರದ ಅಜ್ಜಿಗೆ ಹೊಸ ಮದುಮಗಳಿಂದ ಒಂದು ಬುಟ್ಟಿ ಮುತ್ತುಗಳು.

ಡಿಸೆಂಬರಿನಲ್ಲಿ ಒಬಿಯೋರ ಚಿಕ್ಕಪ್ಪನ ಉತ್ತರಕ್ರಿಯೆ ಮಾಡಕೂಡದೆಂದು ಅಪ್ಪನಿಗೆ ಇವತ್ತೇ ಹೇಳು. ಚಿಕ್ಕಪ್ಪ ಬದುಕಿದ್ದಾನೆ. ಕ್ರಿಯೆ ಮುಗಿದವನು ನಮ್ಮಲ್ಲಿ ಮತ್ತೆ ಹೊಸ್ತಿಲು ತುಳಿಯುವಂತಿಲ್ಲವಲ್ಲ. ಇಪ್ಪತ್ತು ವರ್ಷದ ಹಿಂದೆ ಯುದ್ಧದಲ್ಲಿ ಬದುಕಿಕೊಳ್ಳಲೆಂದು ನೀನು ಈ ದೇಶಕ್ಕೆ ವಿಮಾನ ಹತ್ತಿಸಿದ ಮಗ, ಆಮೇಲೆ ಮನೆಯಲ್ಲಿ ಯಾರೂ ಹೆಸರೆತ್ತದ ಮಗ, ಇಲ್ಲಿ ಬ್ರೆಡ್ ಬೇಯಿಸಿ ಮಾರುತ್ತಾನೆ. ಆಗ ಬಂದ ಮಕ್ಕಳನ್ನು ಸಾಕಿದ ಇಲ್ಲಿನ ಸನ್ಯಾಸಿನಿಯರ ಹಳೆಯ ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಪಕ್ಕ ನಿನ್ನ ಹೆಸರೂ ನಮ್ಮೂರೂ ಸಿಕ್ಕವು.

ಎಂಥ ಸೋಜಿಗ ಗೊತ್ತೇ? ಆರಡಿ ಆಳು, ಪೊದೆ ಮೀಸೆ, ಬಾಯಿ ತೆರೆದರೆ ಫ್ರೆಂಚ್. ಆದರೆ ನಮ್ಮ ಇಗ್ಬೋ ಮಾತು ಅವನಲ್ಲಿ ಆ ವಿಮಾನದಲ್ಲೇ ನಿಂತುಹೋಗಿದೆ. ಆರು ವರ್ಷದ ಮಗುವಿನಂತೆ ಮಾತಾಡುತ್ತಾನೆ. ನನ್ನ ತಟ್ಟೆ ನೋಡಿ, “ಬೇಗ ತಿನ್ನು, ಹದ್ದು ಬರ್ತದೆ” ಎಂದ. ನೀನು ನನಗೆ ಉಣಿಸುವಾಗ ಹೇಳುತ್ತಿದ್ದ ಮಾತೇ, ಅಜ್ಜಿ. ನಿನ್ನ ಒಲೆಯ ಹೊಗೆ, ಮಡಿಲಿನ ಬಿಸಿ ಎಲ್ಲ ಒಟ್ಟಿಗೆ ನೆನಪಾಗಿ ನಾನು ಅತ್ತುಬಿಟ್ಟೆ. ನನ್ನ ಗಂಡ ಅಜುಕಾ ಮಾತ್ರ ಬಿಡಲಿಲ್ಲ: “ಮಾವ, ಹಾಲುಹಲ್ಲು ಎಲ್ಲ ಬಿದ್ವಾ?” ಎಂದು ಕಿಚಾಯಿಸಿ, ಅವನನ್ನೂ ನಗಿಸಿದರು.

ನನ್ನ ಜ್ವರ ಇಳಿದಿದೆ, ಕಷಾಯ ಕಳಿಸಬೇಡ.

ಹೊರಡುವಾಗ ಚಿಕ್ಕಪ್ಪ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದ: “ಅಮ್ಮಂಗೆ ನನ್ ಮೇಲೆ ಸಿಟ್ಟಾ? ವಿಮಾನ ಹತ್ತೋವಾಗ ಹೊಸ ಚಪ್ಪಲಿ ಒಂದು ಕಳ್ಕೊಂಡ್ಬಿಟ್ಟೆ.”

ಏನು ಹೇಳಲಿ? ಬೇಗ ಬರೆಸಿ ಕಳಿಸು.

ನಿನ್ನ ಉಜೋಮಾ