ಮುರಿದದ್ದು ನನ್ನ ದವಡೆ, ಹೊರಹಾಕಿದ್ದು ಆಕೆಯನ್ನು

ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತಾ ಸಮಿತಿಯ ಅಧ್ಯಕ್ಷರೇ,

ನನ್ನ ದವಡೆ ಮುರಿದ ವಿದ್ಯಾರ್ಥಿನಿಯನ್ನು ನೀವು ಕಾಲೇಜಿನಿಂದ ಹೊರಹಾಕಿದ್ದೀರಿ. ಏಟು ತಿಂದವನು ನಾನು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಪರವಾಗಿ ನ್ಯಾಯ ತೀರಿಸಿದ ನಿಮ್ಮ ಔದಾರ್ಯಕ್ಕೆ ಹೇಗೆ ಕೃತಜ್ಞತೆ ಸಲ್ಲಿಸಲಿ? ತಂತಿ ಬಿಗಿದ ಬಾಯಿಂದ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಾಟಕದವನು. ಮೊದಲ ವರ್ಷದವರಿಗೆ ಮನಶ್ಶಾಸ್ತ್ರ ಕಲಿಸುವ ಉಪನ್ಯಾಸಕಿಯೊಬ್ಬರು ನನ್ನನ್ನು ಕರೆಸಿ ಒಂದು ಪ್ರಯೋಗ ವಿವರಿಸಿದರು. ಪಾಠದ ನಡುವೆ ನಾನು ನುಗ್ಗಬೇಕು, ಅವರ ಜುಟ್ಟು ಹಿಡಿದು ಕುತ್ತಿಗೆಗೆ ಚಾಕು ಒತ್ತಬೇಕು, ಕೈಚೀಲ ಕಿತ್ತುಕೊಂಡು ಓಡಬೇಕು. ಆಮೇಲೆ ವಿದ್ಯಾರ್ಥಿಗಳು ತಾವು ಕಂಡದ್ದನ್ನು ಬರೆಯಬೇಕು. ಕಣ್ಣಾರೆ ಕಂಡವರ ನೆನಪೂ ಹೇಗೆ ಕೈಕೊಡುತ್ತದೆಂದು ತೋರಿಸುವುದು ಉದ್ದೇಶ. ಮಕ್ಕಳಿಗೆ ಮೊದಲೇ ತಿಳಿಸುವುದಿಲ್ಲವೇ ಎಂದು ಕೇಳಿದೆ. ತಿಳಿಸಿದರೆ ಫಲಿತಾಂಶ ಕೆಡುತ್ತದೆ, ಸಮಿತಿ ಒಪ್ಪಿಗೆ ಕೊಟ್ಟಾಗಿದೆ ಎಂದರು. ಸಮಿತಿ ಎಂದರೆ ತಾವು.

ರಬ್ಬರ್ ಚಾಕುವಿಗೆ ಬೆಳ್ಳಿ ಬಣ್ಣ ಬಳಿದುಕೊಂಡು ನುಗ್ಗಿದೆ. ಉಪನ್ಯಾಸಕಿ ಕಿರುಚಿದರು, ಚೆನ್ನಾಗಿಯೇ ಕಿರುಚಿದರು. ಹುಡುಗರು ಬೆಂಚಿನಡಿ ತೂರಿಕೊಂಡರು. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವಳಾದ ಒಬ್ಬಾಕೆ ಮಾತ್ರ ಬೆಂಚು ಹಾರಿ ನನ್ನತ್ತ ಬಂದಳು. ಮೊದಲ ಏಟಿಗೇ ಕಬ್ಬಿಣದ ಸ್ಟೂಲಿನ ಕಾಲು ದವಡೆಗೆ ಬಿತ್ತು. ಮೂಳೆ ಮುರಿದ ಸದ್ದು ಕಿವಿಯ ಒಳಗಿನಿಂದ ಕೇಳಿಸಿತು. ಬಿದ್ದೆ. ಚಾಕು ಹಿಡಿದ ಕೈಯನ್ನು ಹಿಮ್ಮಡಿಯಿಂದ ತುಳಿದು ಮತ್ತೆ ಸ್ಟೂಲ್ ಎತ್ತಿದಳು. ಬಾಯಿ ತುಂಬ ರಕ್ತ, ಮುರಿದ ಹಲ್ಲು. ಇದು ನಾಟಕ ಎನ್ನಲು ನಾಲಿಗೆ ಹೊರಳಲಿಲ್ಲ. ಉಪನ್ಯಾಸಕಿ ಅದನ್ನು ಹೇಳುವಷ್ಟರಲ್ಲಿ ನನ್ನ ಎಡಗಣ್ಣು ಹೋಗಿತ್ತು.

ಆಕೆ ಆಸ್ಪತ್ರೆಗೆ ಬಂದಳು. ಹಿಂದೊಮ್ಮೆ ಗಂಡ ಆಕೆಯ ಹೊಟ್ಟೆಗೆ ಚಾಕು ಹಾಕಿದಾಗ ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರಂತೆ. ಬದುಕಿ ಉಳಿದ ಮೇಲೆ, ಮನುಷ್ಯರು ಹೀಗೇಕೆ ಎಂದು ತಿಳಿಯಲು ಮನಶ್ಶಾಸ್ತ್ರಕ್ಕೆ ಸೇರಿದಳಂತೆ. ಈಗ ಕ್ಷಮೆ ಕೇಳುತ್ತಾಳೆ ಅಂದುಕೊಂಡೆ.

“ಸುಳ್ಳು ಹೇಳಲ್ಲಣ್ಣ, ಸಾಯಿಸಬೇಕು ಅಂತಲೇ ಹೊಡೆದೆ,” ಎಂದಳು. “ಈಗ ನಿಮ್ಮ ಮುಖ ನೋಡಿದ್ರೆ ಕರುಳು ಕಿತ್ತು ಬರುತ್ತೆ. ಆದ್ರೆ ಮೇಡಂನ ಬಿಟ್ಟು ಬೆಂಚಿನ ಕೆಳಗೆ ಕೂರೋಕೆ ನನ್ನ ಕೈಲಿ ಆಗ್ತಿರಲಿಲ್ಲ.”

ಇನ್ನು ನಿಮ್ಮ ತೀರ್ಪು. ಆಕೆ ಹಿಂಸಾಪ್ರವೃತ್ತಿಯವಳು, ಕಾರಣವಿಲ್ಲದೆ ಎರಗಿದವಳು ಎಂದಿದ್ದೀರಿ. ಆಧಾರ? ಬೆಂಚಿನಡಿ ಮುಖ ಹುದುಗಿಸಿಕೊಂಡಿದ್ದವರ ಹೇಳಿಕೆಗಳು. ಒಬ್ಬ ನನಗೆ ಇಲ್ಲದ ಗಡ್ಡ ಅಂಟಿಸಿದ್ದಾನೆ. ಇನ್ನೊಬ್ಬನ ಪ್ರಕಾರ ಮೊದಲು ಕೈಯೆತ್ತಿದವಳು ಆಕೆಯೇ, ನಾನು ಬಿಡಿಸಲು ಬಂದ ಪುಣ್ಯಾತ್ಮ. ಹೆದರಿದ ಸಾಕ್ಷಿಯ ಮಾತನ್ನು ನಂಬಬಾರದೆಂದು ಉಪನ್ಯಾಸಕಿ ಪ್ರಬಂಧ ಬರೆದದ್ದು ಇವೇ ಹೇಳಿಕೆಗಳಿಂದ. ಅದಕ್ಕೆ ಬೆನ್ನು ತಟ್ಟಿದವರೂ ನೀವೇ. ಸಂಶೋಧನೆಗೆ ಸುಳ್ಳಾದ ಮಾತು ಶಿಕ್ಷೆಗೆ ಸತ್ಯವಾದದ್ದು ಹೇಗೆ ಸ್ವಾಮಿ? ಅಂದು ನನ್ನ ರಕ್ತ ಮೆತ್ತಿದ ಕೈಯಲ್ಲೇ ಆಕೆಯಿಂದಲೂ ಉಪನ್ಯಾಸಕಿ ಉತ್ತರ ಬರೆಸಿಕೊಂಡರಂತೆ. ಅಂಗಿಯ ಬಣ್ಣ, ಚಾಕು ಹಿಡಿದ ಕೈ, ಎಲ್ಲವನ್ನೂ ಸರಿಯಾಗಿ ಬರೆದವಳು ಆಕೆಯೊಬ್ಬಳೇ. ಉಳಿದವರ ಉತ್ತರಕ್ಕೆ ಹೊಂದುವುದಿಲ್ಲವೆಂದು ಅದನ್ನು ಲೆಕ್ಕದಿಂದ ಕೈಬಿಟ್ಟರು. ಮೊದಲು ಉತ್ತರವನ್ನು, ಆಮೇಲೆ ಆಕೆಯನ್ನು.

ಪೊಲೀಸರು ಬಂದಾಗ ಆಕೆಯ ಮೇಲೆ ದೂರಿಲ್ಲವೆಂದು ಬರೆದುಕೊಟ್ಟೆ. ನನ್ನ ದೂರು ಈ ಪ್ರಯೋಗಕ್ಕೆ ಸಹಿ ಹಾಕಿದ ನಿಮ್ಮ ಮೇಲೆ. ಆಕೆಯನ್ನು ಅದೇ ತರಗತಿಗೆ ವಾಪಸು ಸೇರಿಸಿಕೊಳ್ಳಿ. ಅದೇ ವಿದ್ಯಾರ್ಥಿಗಳ ಮುಂದೆ ನಿಂತು, ತಪ್ಪು ಯಾರದೆಂದು ಬಾಯಿಬಿಟ್ಟು ಹೇಳಿ. ನಾಳೆ ಯಾರಾದರೂ ನಿಜವಾದ ಚಾಕು ಹಿಡಿದು ನಿಮ್ಮ ಕುತ್ತಿಗೆಗೆ ಕೈ ಹಾಕಿದರೆ, ಕೋಣೆಯಲ್ಲಿ ಯಾರಿರಬೇಕೆಂದು ಬಯಸುತ್ತೀರಿ? ನಿಮ್ಮ ಸಮಿತಿಯ ಸದಸ್ಯರೋ, ಆಕೆಯೋ?

ಇಂತಿ,
ಇನ್ನು ಬಣ್ಣ ಹಚ್ಚದೆಯೂ ಖಳನ ಪಾತ್ರಕ್ಕೆ ಒಪ್ಪುವ ಒಬ್ಬ ನಟ